ಚರ್ಚಿನ ಇಳಿಜಾರಿಗೆ ಕೊಟ್ಟ ನೇರ ಲೈನ್

ಅವತ್ತು ಬೆಳಿಗ್ಗೆ ಟ್ರಿಪ್ ಸ್ವಿಚ್ ಮೂರು ಸಲ ಬಿತ್ತು. ನಮ್ಮ ಉತ್ತರ ನಾರ್ವೆಯಲ್ಲಿ ಚರ್ಚಿನ ಇಳಿಜಾರಿನ ಕಾಂಕ್ರೀಟಿನೊಳಗೆ ಕೇಬಲ್ ಹಾಸಿರುತ್ತೇವೆ; ಅದು ಕಾದು ಹಿಮ ಕರಗಿಸುತ್ತದೆ. ಎಲ್ಲಾದರೂ ವಿದ್ಯುತ್ ಸೋರಿದರೆ ಟ್ರಿಪ್ ಸ್ವಿಚ್ ಬಿದ್ದು ಲೈನ್ ಕಡಿಯುತ್ತದೆ. ಸೋರಿಕೆ ಹುಡುಕದೆ ಮತ್ತೆ ಲೈನ್ ಕೊಡಬಾರದು. ಇಪ್ಪತ್ತು ವರ್ಷ ಹೊಸ ಎಲೆಕ್ಟ್ರಿಷಿಯನ್ನರಿಗೆ ಇದನ್ನು ಹೇಳಿಕೊಟ್ಟವನು ನಾನೇ.

"ಹನ್ನೊಂದಕ್ಕೆ ಶವ ಬರುತ್ತೆ ಕಣೋ ಎಲಿಂಗ್," ಅಂದ ಚರ್ಚು ನೋಡಿಕೊಳ್ಳುವ ಓಸ್‌ಮುಂಡ್. "ಪೆಟ್ಟಿಗೆ ಹೊತ್ತವರು ಜಾರಿ ಬಿದ್ರೆ ಊರೆಲ್ಲ ನನ್ನ ಮುಖಕ್ಕೆ ಉಗಿಯುತ್ತೆ."

"ಉಪ್ಪು ಹಾಕಿ ಕರಗಿಸು."

"ಇಷ್ಟು ದಪ್ಪ ಐಸಿಗೆ ಕಡಲನ್ನೇ ತಂದು ಸುರೀಬೇಕು! ಇರೋದು ಇನ್ನು ಮೂರೇ ತಾಸು, ಮಾರಾಯ."

ಸತ್ತವನು ಮೀನುಗಾರ ಇಂಗ್ವಾಲ್ಡ್, ನನಗೂ ಬೇಕಾದವನು. ಎಲ್ಲೋ ಸ್ವಲ್ಪ ತೇವ ಹೊಕ್ಕಿರಬೇಕು ಅಷ್ಟೇ ಅಂತ ಸಮಾಧಾನ ಮಾಡಿಕೊಂಡು, ಸ್ವಿಚ್ ತಪ್ಪಿಸಿ ನೇರ ಲೈನ್ ಕೊಟ್ಟೆ. ಸ್ವಿಚ್ ಬೋರ್ಡ್ ಇದ್ದ ನೆಲಮಾಳಿಗೆಗೆ ಓಸ್‌ಮುಂಡ್ ಬೀಗ ಹಾಕಿದ.

ಹನ್ನೊಂದಕ್ಕೆ ಇಳಿಜಾರು ಕರಗಿ ನೀರಾಗಿತ್ತು. ಆರು ಜನ ಪೆಟ್ಟಿಗೆ ಹೊತ್ತು ಹತ್ತಿದರು. ಹಿಂದೆ ಇಂಗ್ವಾಲ್ಡನ ನಾಯಿ. ಅರ್ಧ ದಾರಿಯಲ್ಲಿ ಅದು ಕಿರುಚಿ, ಕಾಲು ಸೆಟೆದು ಬಿತ್ತು. ಹಿಂದೆ ಬರುತ್ತಿದ್ದ ಇಂಗ್ವಾಲ್ಡನ ಅಳಿಯ ಸ್ಟೈನಾರ್ ಒಂದು ಕೈಯಲ್ಲಿ ಇಳಿಜಾರಿನ ಬದಿಯ ಕಬ್ಬಿಣದ ಕಂಬಿ ಹಿಡಿದು ನಾಯಿಯನ್ನೆತ್ತಲು ಬಗ್ಗಿದ. ಕೈ ಕಂಬಿಗೇ ಕಚ್ಚಿಕೊಂಡಿತು. ದವಡೆ ಬಿಗಿಯಿತು, ಮೈಯೆಲ್ಲ ಅದುರಿತು.

"ಯಾರೂ ಮುಟ್ಟಬೇಡಿ! ನೆಲದಲ್ಲಿ ಕರೆಂಟಿದೆ, ಕಾಲು ಜೋಡಿಸಿ ನಿಂತಲ್ಲೇ ನಿಲ್ಲಿ!" ಅಂತ ಕಿರುಚಿದೆ.

ಇಂಗ್ವಾಲ್ಡನ ವಿಧವೆ ಗುಡ್‌ವೇಗ್ ನುಗ್ಗಿಬಂದಳು. ಸೊಂಟ ಹಿಡಿದು ತಡೆದೆ. "ಬಿಡೋ ಪಾಪಿ! ನನ್ನ ಕಣ್ಣೆದುರಿಗೇ ಸಾಯ್ತಾ ಇದಾನೆ!" ಅಂತ ಮುಖ ಪರಚಿದಳು. ಅವಳನ್ನು ಇನ್ನಿಬ್ಬರ ಕೈಗೆ ತಳ್ಳಿ ನೆಲಮಾಳಿಗೆಗೆ ಓಡಿದೆ. ಬೀಗದ ಕೈ ಓಸ್‌ಮುಂಡನ ಜೇಬಿನಲ್ಲಿ. ಅವನು ಗೋಪುರದಲ್ಲಿ ಗಂಟೆ ಬಾರಿಸುತ್ತಿದ್ದ. ಫೋನು ಮಾಡಿದೆ, ಕೂಗಿದೆ. ಆ ಸದ್ದಿನಲ್ಲಿ ಅವನಿಗೆ ಏನು ಕೇಳೀತು? ಐಸ್ ಒಡೆಯುವ ಹಾರೆ ಸಿಕ್ಕಿತು. ಬಾಗಿಲು ನಾಲ್ಕು ಏಟಿಗೂ ಜಗ್ಗಲಿಲ್ಲ. ಒಂದೊಂದು ಏಟಿಗೂ "ಇನ್ನೊಂದು ಕ್ಷಣ, ಸ್ಟೈನಾರ್" ಅನ್ನುತ್ತ ಅಳುತ್ತಿದ್ದೆ. ಐದನೆಯದಕ್ಕೆ ಚಿಲಕ ಕಿತ್ತುಬಂತು. ಮೇನ್ ಸ್ವಿಚ್ ಎಳೆದು ಕರೆಂಟು ಕಡಿದೆ.

ಹೊರಗೆ ಬಂದಾಗ ಪೆಟ್ಟಿಗೆ ಹೊತ್ತ ಆರು ಜನ ಹಾಗೇ ಕಾಲು ಜೋಡಿಸಿ ನಿಂತಿದ್ದರು, ಭುಜ ನಡುಗುತ್ತಿತ್ತು. ನಾಯಿ ಸತ್ತಿತ್ತು. ಸ್ಟೈನಾರನ ಎದೆಬಡಿತ ನಿಂತಿತ್ತು. ನೆಂಟರಲ್ಲೊಬ್ಬಳು ನರ್ಸ್, ಆಸ್ಪತ್ರೆಯ ಹೆಲಿಕಾಪ್ಟರ್ ಬರುವವರೆಗೂ ಅವನ ಎದೆ ಒತ್ತುತ್ತಲೇ ಇದ್ದಳು.

"ಸ್ವಿಚ್ಚೇ ಕೆಟ್ಟಿತ್ತು ಅಂದುಬಿಡು," ಅಂದ ಓಸ್‌ಮುಂಡ್, ತುಟಿ ಬಿಳುಚಿಕೊಂಡು.

"ಸ್ವಿಚ್ ಸರಿಯಾಗೇ ಇತ್ತು. ಕೆಟ್ಟಿದ್ದು ನಾವು."

ತಪಾಸಣೆಯವರಿಗೆ ನಾನೇ ಎಲ್ಲ ಹೇಳಿದೆ. ಶರತ್ಕಾಲದಲ್ಲಿ ಆ ಕಂಬಿ ನಿಲ್ಲಿಸಲು ಕಾಂಕ್ರೀಟು ಕೊರೆದಾಗ ಬೋಲ್ಟು ಕೇಬಲ್ ಸೀಳಿತ್ತಂತೆ. ನನ್ನ ಲೈಸೆನ್ಸ್ ಹೋಯಿತು.

ನಾಲ್ಕನೇ ದಿನ ಸ್ಟೈನಾರ್ ಕಣ್ಣು ಬಿಟ್ಟ. ಬಲಗೈಯ ಎರಡು ಬೆರಳು ಉಳಿಯಲಿಲ್ಲ. ಆಸ್ಪತ್ರೆಗೆ ಹೋದೆ. ಗುಡ್‌ವೇಗ್ ಇನ್ನೂ ಅದೇ ಕಪ್ಪು ಉಡುಪಿನಲ್ಲಿ ಬಾಗಿಲ ಬಳಿ ಕೂತಿದ್ದಳು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ನನ್ನನ್ನೊಂದು ಮಾತು ಕೇಳಿದ್ರೆ ಪೆಟ್ಟಿಗೇನ ಬೀದೀಲೇ ಇಟ್ಟು ಕಾಯ್ತಿದ್ದೆ. ಸತ್ತವನಿಗೆ ಏನು ಅವಸರ ಇತ್ತೋ?"

ಎದ್ದು ಅಳಿಯನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.