ಎರಡೂವರೆ ಮೀಟರ್ ಗಿಳಿಹಸಿರು

ಡ್ರೈವರನ ಕಾಲು ಮುರಿದದ್ದು ಲಾರಿಯಿಂದಲ್ಲ. ಇಪ್ಪತ್ತು ವರ್ಷ ಘಾಟಿ ರಸ್ತೆಗಳಲ್ಲಿ ಗಾಡಿ ಓಡಿಸಿ ಮೈಮೇಲೆ ಒಂದು ಗೀರೂ ಮಾಡಿಕೊಳ್ಳದ ಮನುಷ್ಯ, ಬಚ್ಚಲಲ್ಲಿ ಸೋಪಿನ ಮೇಲೆ ಕಾಲಿಟ್ಟು ಬಿದ್ದ. ಮೊಣಕಾಲಿನ ತನಕ ಪ್ಲಾಸ್ಟರ್ ಬಿತ್ತು. ಆರು ವಾರ ಕೂತಲ್ಲೇ ಕೂತಿರಬೇಕು ಎಂದರು ಡಾಕ್ಟರು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವನು ತಂಗಿಯ ಮನೆ ಸೇರಿದ.

ತಂಗಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಮೊದಲೆರಡು ದಿನ ಅಣ್ಣ ಕಿಟಕಿ ಪಕ್ಕ ಕುರ್ಚಿಯಲ್ಲಿ ತೆಪ್ಪಗೆ ಕೂತಿದ್ದ. ಮೂರನೆಯ ದಿನ, ಅವಳು ಯಾರದೋ ಶರ್ಟಿನ ಕಾಲರ್ ಹೊಲಿಯುವಾಗ, "ತಿರುವಿನಲ್ಲಿ ಸ್ವಲ್ಪ ಸ್ಲೋ ಮಾಡಮ್ಮ" ಎಂದ.

ಅವಳು ಮಿಷನ್ ನಿಲ್ಲಿಸಿದಳು. ಒಳಗೆ ಹೋಗಿ, ದಪ್ಪ ತಂತಿಯನ್ನು ಬಾಗಿಸಿ ಮಾಡಿದ ಒಂದು ಬಳೆಯನ್ನೂ ಚೂರುಬಟ್ಟೆಯ ಮೂಟೆಯನ್ನೂ ತಂದು ಅವನ ಮುಂದೆ ಹಾಕಿದಳು.

"ಅಣ್ಣಾ, ಕೈಗೆ ಕೆಲಸ ಕೊಡ್ತೀನಿ, ಬಾಯಿಗೆ ರಜೆ ಕೊಡು. ಬಟ್ಟೇನ ಎರಡು ಬೆರಳಗಲ, ಒಂದು ಗೇಣುದ್ದ ಪಟ್ಟಿ ಮಾಡ್ಕೋ. ಒಂದೊಂದನ್ನೂ ತಂತಿಗೆ ಗಂಟು ಹಾಕ್ತಾ ಹೋಗು, ಒತ್ತೊತ್ತಾಗಿ. ಪೂರ್ತಿ ಸುತ್ತು ಬಂದ್ರೆ ಹೂವಿನ ಹಾರದ ಥರ ದುಂಡಗೆ ಆಗತ್ತೆ. ಮುಂಬಾಗಿಲಿಗೆ ಹಾಕೋಣ. ಬರೋ ಗಿರಾಕಿಗಳಿಗೆ ಇದು ಟೈಲರ್ ಮನೆ ಅಂತ ಗೊತ್ತಾಗತ್ತೆ."

"ಇದೇನು ಹೆಂಗಸರ ಕೆಲಸ" ಎಂದು ಗೊಣಗುತ್ತಲೇ ಅವನು ಮೊದಲ ಗಂಟು ಹಾಕಿದ. ಹತ್ತನೆಯ ಗಂಟಿಗೆ ಗೊಣಗಾಟ ನಿಂತಿತು. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಊಟಕ್ಕೆ ಕರೆದರೂ "ಇರು, ಇನ್ನು ನಾಲ್ಕು ಗಂಟು" ಎನ್ನುವಷ್ಟು ಮುಳುಗಿಬಿಟ್ಟಿದ್ದ.

ತಂಗಿ ಗುಂಡಿ ತರಲು ಪೇಟೆಗೆ ಹೋದಾಗ ಮೂಟೆ ಬರಿದಾಯಿತು. ತಂತಿಯ ಮೇಲೆ ಇನ್ನೂ ಒಂದು ಗೇಣಿನಷ್ಟು ಜಾಗ ಬೋಳುಬೋಳಾಗಿತ್ತು. ಡ್ರೈವರ್ ಅತ್ತಿತ್ತ ನೋಡಿದ. ಕತ್ತರಿಸುವ ಮೇಜಿನ ಅಂಚಿನಲ್ಲಿ ಒಂದು ಬಟ್ಟೆ ಮಡಚಿ ಇಟ್ಟಿತ್ತು. ಗಿಳಿಹಸಿರು ಬಣ್ಣ, ಅದರ ಮೇಲೆ ಅಂಗೈ ಅಗಲದ ಕಿತ್ತಳೆ ಹೂವುಗಳು. ಇಂಥದನ್ನು ತಲೆ ನೆಟ್ಟಗಿರುವವರು ಯಾರೂ ಹೊಲಿಸಲಾರರು, ಚೂರುಬಟ್ಟೆಯ ಪೈಕಿಯೇ ಇರಬೇಕು ಎಂದು ಅವನು ತೀರ್ಮಾನಿಸಿದ. ಬೋಳು ಜಾಗ ತುಂಬಿತು. ಆದರೆ ಆ ಹಸಿರಿನ ಪಕ್ಕದಲ್ಲಿ ಹಳೆಯ ನೀಲಿ ಬಿಳಿ ಚೂರುಗಳು ಸಪ್ಪೆಯಾಗಿ ಕಂಡವು. ಅವನ್ನೆಲ್ಲ ಬಿಚ್ಚಿ ಎಸೆದು, ಎರಡೂವರೆ ಮೀಟರನ್ನೂ ಪಟಪಟ ಹರಿದು, ಇಡೀ ಹಾರವನ್ನು ಹೊಸದಾಗಿ ಕಟ್ಟಿದ. ಕುಂಟುತ್ತ ಹೋಗಿ ಬಾಗಿಲಿಗೆ ನೇತುಹಾಕಿದ.

ತಂಗಿ ಬಂದವಳು ಹೊಸ್ತಿಲಲ್ಲೇ ನಿಂತಳು.

"ಅಯ್ಯೋ, ಎಷ್ಟು ಚೆನ್ನಾಗಿದೆ ಕಣೋ ಅಣ್ಣ!" ಎಂದಳು. ಮರುಕ್ಷಣವೇ ಅವಳ ಮುಖ ಸುಣ್ಣವಾಯಿತು. "ಈ ಬಟ್ಟೆ ಎಲ್ಲಿತ್ತು?"

"ಮೇಜಿನ ಮೇಲೆ. ವೇಸ್ಟು ತಾನೆ?"

"ಅದು ನಮ್ಮ ಸ್ಕೂಲಿನ ದೊಡ್ಡ ಮೇಡಂ ಕೋಟು! ಶನಿವಾರ ಅವರ ಬೀಳ್ಕೊಡುಗೆ!"

"ಕೋಟಾ? ಅದನ್ನ ಹಾಕ್ಕೊಂಡು ಏನ್ಮಾಡ್ತಾರೆ, ಟ್ರಾಫಿಕ್ ನಿಲ್ಲಿಸ್ತಾರಾ?"

"ಐದು ಗಂಟೆಗೆ ಅಳತೆ ಕೊಡೋಕೆ ಬರ್ತಾರೆ" ಎಂದಳು ತಂಗಿ, ಅಳುವ ದನಿಯಲ್ಲಿ. ಗಡಿಯಾರದಲ್ಲಿ ಐದು ಹೊಡೆಯಲು ಎರಡೇ ನಿಮಿಷ ಉಳಿದಿತ್ತು. ಮೇಡಂ ಜನ್ಮದಲ್ಲಿ ತಡವಾಗಿ ಬಂದವರಲ್ಲ. ಹಾರ ಬಿಚ್ಚಲು ತಂಗಿ ಕೈ ಎತ್ತುವಷ್ಟರಲ್ಲಿ ಅವರು ಮೆಟ್ಟಿಲ ಮೇಲಿದ್ದರು.

ಕನ್ನಡಕ ಸರಿ ಮಾಡಿಕೊಂಡು ಬಾಗಿಲನ್ನು ಬಹಳ ಹೊತ್ತು ನೋಡಿದರು. "ಇದನ್ನು ಮಾಡಿದ್ದು ಯಾರು?"

ಆ ದನಿ ಕೇಳಿದ್ದೇ ತಡ, ನಲವತ್ತೆರಡು ವರ್ಷದ ಡ್ರೈವರ್ ಕುರ್ಚಿಯಲ್ಲೇ ಕೈ ಎತ್ತಿದ. ಐದನೇ ಕ್ಲಾಸಿನಲ್ಲಿ ಅವನಿಗೆ ಗಣಿತ ಹೇಳಿಕೊಟ್ಟದ್ದು ಅವರೇ.

"ನಾನೇ ಮೇಡಂ. ಬೆಂಚಿನ ಮೇಲೆ ನಿಲ್ತಿದ್ದೆ, ಕಾಲು ಹೀಗಾಗಿದೆ."

ಮೇಡಂ ಒಳಬಂದು ಬಾಗಿಲು ಹಾಕಿದರು. "ಪೂರ್ತಿ ಹರಿದುಬಿಟ್ಯಾ? ಒಂದು ತೋಳಿಗಾದ್ರೂ ಉಳಿದಿದೆಯಾ?"

"ಒಂದು ಜೇಬಿಗೂ ಇಲ್ಲ ಮೇಡಂ."

ಅವರು ಕುರ್ಚಿಯಲ್ಲಿ ಕುಸಿದು ಕೂತರು. ತಂಗಿ ನೀರು ತರಲು ಓಡಿದಳು. ತಿರುಗಿ ಬರುವಾಗ ಮೇಡಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ದೇವರು ದೊಡ್ಡವನು! ಅದು ನನ್ನ ನಾದಿನಿ ಕೊಟ್ಟಿದ್ದು ಕಣಮ್ಮ. ಬೀಳ್ಕೊಡುಗೆಗೆ ಅಂತ ಊರಿಂದ ಬಂದು ನಮ್ಮನೇಲೇ ಇದ್ದಾಳೆ. ಇದನ್ನೇ ಹಾಕ್ಕೊಂಡು ವೇದಿಕೆ ಮೇಲೆ ಕೂರಬೇಕು ಅಂತ ಹಟ. ನಾಳೆ ನೀನು ನಮ್ಮನೆಗೆ ಬಂದು ಅವಳ ಮುಂದೆ ತಪ್ಪೊಪ್ಪಿಕೋಬೇಕು" ಎಂದರು ಡ್ರೈವರನಿಗೆ. "ನಾನು ಹೇಳಿದ್ರೆ ಅವಳು ನಂಬಲ್ಲ. ಹೋದ ವರ್ಷ ಅವಳು ಕೊಟ್ಟ ಹೂದಾನೀನ ಬೆಕ್ಕು ಒಡೀತು ಅಂದಿದ್ದೆ. ನಮ್ಮನೇಲಿ ಬೆಕ್ಕೇ ಇಲ್ಲ."

ಮಾರನೆಯ ದಿನ ಡ್ರೈವರ್ ಪ್ಲಾಸ್ಟರ್ ಕಾಲನ್ನು ಆಟೋದ ಹೊರಗೆ ಚಾಚಿ, ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಮೇಡಂ ಮನೆಗೆ ಹೋದ. ನಾದಿನಿ ಸೋಫಾದ ನಡುವೆ ಕೂತಿದ್ದರು. ಅವನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. ಆಕೆ ಹಾರವನ್ನು ಇಸಿದುಕೊಂಡು, ಒಂದು ಗಂಟನ್ನು ಹಿಡಿದು ಎಳೆದು ನೋಡಿದರು. ಅದು ಜಗ್ಗಲಿಲ್ಲ.

"ನೀವೇ ಕಟ್ಟಿದ್ದಾ? ಒಂದೂ ಸಡಿಲ ಇಲ್ವಲ್ಲ!"

"ಲಾರಿ ಮೇಲೆ ಟಾರ್ಪಾಲು ಕಟ್ಟಿದ ಕೈ ಅಮ್ಮ."

"ಬಟ್ಟೆ ಹೋದ್ರೆ ಹೋಗ್ಲಿ, ಕೆಲಸ ಅಂದ್ರೆ ಇದು" ಎಂದು ಆಕೆ ಅತ್ತಿಗೆಯ ಕಡೆ ತಿರುಗಿದರು. ನಗು ತಡೆದು ತಡೆದು ಮೇಡಂ ಕಣ್ಣಲ್ಲಿ ನೀರು ತುಂಬಿತ್ತು. "ಅಯ್ಯೋ ಅತ್ತಿಗೆ, ಅಳಬೇಡಿ! ಇಷ್ಟೊಂದು ಇಷ್ಟಪಟ್ಟಿದ್ರಾ? ನಾನೇನು ಒಂದೇ ತುಂಡು ತಗೊಂಡಿದ್ದೆ ಅಂದ್ಕೊಂಡ್ರಾ? ಇನ್ನೂ ಆರು ಮೀಟರ್ ಪೆಟ್ಟಿಗೇಲಿದೆ."

ಆಮೇಲೆ ಮೇಡಂ ಕಣ್ಣಿನಿಂದ ಇಳಿದದ್ದು ನಿಜವಾದ ಕಣ್ಣೀರು.

ತಂಗಿ ಎರಡೇ ದಿನದಲ್ಲಿ ಕೋಟು ಹೊಲಿದಳು. ಅಷ್ಟೂ ಹೊತ್ತು ಅಣ್ಣನನ್ನು ಅಡುಗೆಮನೆಯಲ್ಲಿ ಕೂರಿಸಿ ಬಾಗಿಲಿಗೆ ಚಿಲಕ ಹಾಕಿದ್ದಳು. ಶನಿವಾರ ಮೇಡಂ ಅದನ್ನು ತೊಟ್ಟು ಗಂಟುಮುಖದಲ್ಲಿ ವೇದಿಕೆ ಹತ್ತಿದರು. ಮೂವತ್ತೈದು ವರ್ಷ ಅವರನ್ನು ಕಂಡರೆ ಗೋಡೆಗೆ ಅಂಟಿಕೊಳ್ಳುತ್ತಿದ್ದ ಮಕ್ಕಳ ಶಾಲೆ ಅದು. ಒಂದನೇ ಕ್ಲಾಸಿನ ಪುಟಾಣಿಯೊಂದು ಸಾಲು ಬಿಟ್ಟು ಓಡಿಬಂದು, ಕೋಟಿನ ಹೂವೊಂದನ್ನು ಮುಟ್ಟಿ, "ಮಿಸ್, ಇದನ್ನು ಕೀಳಬಹುದಾ?" ಎಂದಿತು. ಅದರ ಹಿಂದೆ ಇನ್ನೊಂದು ಬಂತು, ಆಮೇಲೆ ಇಡೀ ಕ್ಲಾಸೇ ಬಂತು. ಮೇಡಂ ಭಾಷಣದ ಕಾಗದ ಮಡಚಿ ಜೇಬಿಗೆ ಹಾಕಿ, ಮಕ್ಕಳ ನಡುವೆ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಆದರೂ ಹೊರಡುವಾಗ ಅವರು, ಪ್ಲಾಸ್ಟರ್ ಕಾಲಲ್ಲೇ ಸಮಾರಂಭಕ್ಕೆ ಬಂದಿದ್ದ ಡ್ರೈವರನ ಕಿವಿಯಲ್ಲಿ ಪಿಸುಗುಟ್ಟಿದರು: "ಇನ್ನೂ ಮೂರೂವರೆ ಮೀಟರ್ ಉಳಿದಿದೆ. ನನ್ನ ನಾದಿನಿ ಮನೆ ಬಾಗಿಲಿಗೂ ಒಂದು ಕಟ್ಟಿಕೊಡು. ಕರವಸ್ತ್ರದಷ್ಟೂ ಮಿಗಬಾರದು."

ಅವನು ಮಾತಿಗೆ ತಪ್ಪಲಿಲ್ಲ. ಭಾನುವಾರ ಸಂಜೆ ನಾದಿನಿ ಊರಿಗೆ ಹೊರಟಾಗ ಮೂರೂವರೆ ಮೀಟರಿನ ಆ ಹಾರ ಬಸ್ಸಿನ ಬಾಗಿಲಲ್ಲಿ ಹಿಡಿಸಲಿಲ್ಲ. ಕಂಡಕ್ಟರ್ ಅದನ್ನು ಓರೆ ಮಾಡಿ ಒಳಗೆ ತಳ್ಳಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ಅದಕ್ಕೂ ಒಂದು ಟಿಕೆಟ್ ಹರಿದ.