ಸೂಜಿಯಮ್ಮನ ಬೆಚ್ಚನೆಯ ಕೈ

ನಡೆಯುವಾಗ, ನಿಂತಾಗ, ಕೊನೆಗೆ ಮೇಲಧಿಕಾರಿಗಳ ಎದುರಿನಲ್ಲೂ ಆ ವೈದ್ಯೆಯ ಎರಡು ಕೈಗಳೂ ಬಿಳಿ ಕೋಟಿನ ಜೇಬುಗಳಲ್ಲೇ ಇರುತ್ತಿದ್ದವು. ಜೋತುಬಿದ್ದ ಜೇಬುಗಳು, ತುಂಬಿದ ಕೊಡ ಹೊತ್ತವರಂಥ ಮಂದಗಮನ. ಅದನ್ನು ಗರ್ವವೆಂದವರೇ ಹೆಚ್ಚು. ಆದರೆ ತಣ್ಣನೆಯ ಕೈ ತಾಗಿದರೆ ಬಸುರಿಯ ಹೊಟ್ಟೆ ಬಿಗಿದುಕೊಳ್ಳುತ್ತದೆ, ಬಿಗಿದ ಹೊಟ್ಟೆಯಲ್ಲಿ ಸೂಜಿ ದಾರಿ ತಪ್ಪುತ್ತದೆ ಎಂಬ ಒಂದೇ ಭಯಕ್ಕೆ ಅವರು ಆ ಕೈಗಳನ್ನು ಕಾವಿಗಿಟ್ಟ ಮೊಟ್ಟೆಗಳಂತೆ ಕಾಯುತ್ತಿದ್ದರು. ತಾಯಿಯ ಹೊಟ್ಟೆಯ ಮೂಲಕ ಹೊಕ್ಕುಳಬಳ್ಳಿಯವರೆಗೆ ಸೂಜಿ ಇಳಿಸಿ, ಇನ್ನೂ ಹುಟ್ಟದ ಕೂಸಿನ ನಾಲ್ಕು ಹನಿ ರಕ್ತ ತೆಗೆದು, ರೋಗವಿದೆಯೇ ಎಂದು ನೋಡುವುದು ಅವರ ಕೆಲಸ. ವಾರ್ಡಿನವರು ಇಟ್ಟ ಹೆಸರು ಸೂಜಿಯಮ್ಮ.

ವೆಲ್ಡಿಂಗ್ ಅಂಗಡಿಯವನೊಬ್ಬ ಐದು ತಿಂಗಳು ತುಂಬಿದ ಬಸುರಿ ತಂಗಿಯನ್ನು ಕರೆತಂದ. ಅವಳ ಮೊದಲ ಮಗು, ತನ್ನ ರಕ್ತ ತನಗೆ ಸಾಲದೆ, ಕಂಡವರ ರಕ್ತ ಏರಿಸಿಕೊಂಡೇ ಬದುಕಿ, ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ತೀರಿಕೊಂಡಿತ್ತು. ಇದಕ್ಕೂ ಅದೇ ರೋಗವೇ ಎಂಬ ಶಂಕೆ ಅವಳ ನಿದ್ದೆಯನ್ನು ನುಂಗಿಹಾಕಿತ್ತು.

"ಈ ಪರೀಕ್ಷೆ ನೂರು ಜನಕ್ಕೆ ಮಾಡಿದ್ರೆ ಒಂದೆರಡು ಮಗು ಉಳಿಯಲ್ಲ," ಎಂದರು ಸೂಜಿಯಮ್ಮ. "ಚುಚ್ಚಿದ ಕಡೆ ರಕ್ತ ಸೋರಬಹುದು, ಎದೆಬಡಿತ ಇಳೀಬಹುದು. ಈಗ ಇದನ್ನ ನಿಮ್ಮ ಮಾತಲ್ಲಿ ನನಗೆ ವಾಪಸ್ ಹೇಳಿ."

ಇದು ಅವರ ಹಟ. ಬಂದವರಿಂದ ಹಾಗೆ ಹೇಳಿಸದೆ ಸೂಜಿ ಮುಟ್ಟುತ್ತಿರಲಿಲ್ಲ.

ಅಣ್ಣನ ಪಿತ್ತ ನೆತ್ತಿಗೇರಿತು. "ಸಾವಿನ ಮಾತು ನಮ್ಮ ಬಾಯಲ್ಲೇ ಆಡಿಸ್ತೀರಾ? ಏನೂ ಆಗಲ್ಲ ಅನ್ನೋಕೆ ನಿಮ್ಮ ಗಂಟೇನು ಹೋಗುತ್ತೆ ಡಾಕ್ಟ್ರೇ?"

"ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಅಂತೀನಿ."

"ಅಣ್ಣಾ, ನೀನು ಕಬ್ಬಿಣ ಕಾಯಿಸು, ತಲೆ ಕಾಯಿಸ್ಬೇಡ," ಎಂದಳು ತಂಗಿ. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, "ತಿಳ್ಕೊಳ್ಳೋಕೆ ಹೋಗಿ ಕಳ್ಕೊಂಡ್ರೂ ಕಳ್ಕೋಬಹುದು. ಅಷ್ಟೇ ಅಲ್ವಾ ಮೇಡಂ?"

ಸೂಜಿಯಮ್ಮ ಜೇಬಿನಿಂದ ಕೈ ಹೊರತೆಗೆದರು.

ಸೂಜಿ ಒಂದೇ ಸಲಕ್ಕೆ ಬಳ್ಳಿ ತಲುಪಿತು. ಬಂದದ್ದು ಕೂಸಿನದೇ ರಕ್ತ, ತಾಯಿಯದಲ್ಲ ಎಂಬುದೂ ಖಚಿತವಾಯಿತು. ಯಾರ ಕೈಯೂ ತಪ್ಪಲಿಲ್ಲ. ಆದರೂ ಚುಚ್ಚಿದ ರಂಧ್ರ ಮುಚ್ಚಿಕೊಳ್ಳಲಿಲ್ಲ. ಪರದೆಯ ಮೇಲೆ ಕುದುರೆಯ ನಾಗಾಲೋಟದಲ್ಲಿದ್ದ ಪುಟ್ಟ ಎದೆ ಮುಗ್ಗರಿಸಿ, ಕುಂಟಿ, ನಿಂತುಹೋಯಿತು.

ಸುದ್ದಿ ಹೇಳಲು ಹೊರಬಂದ ಸೂಜಿಯಮ್ಮನ ಕೋಟಿಗೆ ಅಣ್ಣ ಕೈಹಾಕಿದ. ಜೇಬು ಪರ್ರೆಂದು ಅರ್ಧ ಹರಿದು ನೇತಾಡಿತು. ಅವರು ಹಿಂದೆ ಸರಿಯಲಿಲ್ಲ.

ಪರೀಕ್ಷೆಯ ಫಲಿತಾಂಶ ಬಂದಾಗ ಅವರೇ ವಾರ್ಡಿಗೆ ಬಂದರು. ಬಾಗಿಲಲ್ಲಿದ್ದ ಅಣ್ಣ ಮುಖ ನೋಡಿಯೇ ಅರಿತ. "ಮಗೂಗೆ ರೋಗ ಇತ್ತು ಅಂತ ಅವಳಿಗೆ ಹೇಳ್ಬಿಡಿ ಡಾಕ್ಟ್ರೇ. ಅಷ್ಟು ಪುಣ್ಯ ಕಟ್ಕೊಳ್ಳಿ. ಕಾಲು ಹಿಡೀತೀನಿ."

ಅವರು ಒಳಗೆ ಹೋಗಿ ತಂಗಿಯ ಮಂಚದ ಅಂಚಿನಲ್ಲಿ ಕೂತರು.

"ಇತ್ತಾ ಮೇಡಂ?"

"ಇರ್ಲಿಲ್ಲಮ್ಮ."

"ಹಾಗಾದ್ರೆ ನನ್ನ ಹೊಟ್ಟೇಲಿ ಒಳ್ಳೇದೂ ಹುಟ್ಟಬಹುದು ಅಂತಾಯ್ತು," ಎಂದು ತಂಗಿ ಗೋಡೆಗೆ ಮುಖ ಮಾಡಿದಳು. ಅವಳ ಬೆನ್ನ ಮೇಲೆ ಆ ಬೆಚ್ಚನೆಯ ಕೈ ಇತ್ತು. ಅವಳು ಅದನ್ನು ತಳ್ಳಲಿಲ್ಲ.

ಸುಳ್ಳಿನ ಮುಲಾಮು ಸವರುವವರನ್ನು ಲೋಕ ಹರಸುತ್ತದೆ. ಬರಬಹುದಾದ ಕೇಡನ್ನು ಮೊದಲೇ ನುಡಿದು, ಬಂದಾಗ ಬೆನ್ನು ತೋರಿಸದೆ ನಿಲ್ಲುವವರ ಪಾಲಿಗೆ ಶಾಪವೇ ಸಂಬಳ. ಹರಿದ ಜೇಬಿನಲ್ಲೇ ಕೈ ಕಾಯಿಸಿಕೊಳ್ಳುತ್ತ ಸೂಜಿಯಮ್ಮ ಮುಂದಿನ ಮಂಚದತ್ತ ನಡೆಯುತ್ತಾರೆ.