ಭವಾನಿಯ ಅಸಲು ಸರ್ಟಿಫಿಕೇಟು

"ಅವ್ವಾ, ನನ್ನ ಟಿಸಿ ಎಲ್ಲೈತಿ? ನಾಳೆ ಹತ್ತಕ್ಕ ಐಟಿಐ ಕೌನ್ಸೆಲಿಂಗ್ ಐತಿ."

ಮಗಳು ಭವಾನಿ ಟ್ರಂಕು ತಡಕಾಡುತ್ತಿದ್ದರೆ ಬೀದರದಿಂದ ಬಂದು ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ನೆಲೆಸಿದ ಶಿವದೇವಿ ಬಾಗಿಲಲ್ಲೇ ನಿಂತಳು. ಟಿಸಿ ಮನೆಯಲ್ಲಿದ್ದರಲ್ಲವೇ ಸಿಗುವುದು! ಹತ್ತನೇ ತರಗತಿಯ ಪರೀಕ್ಷೆಗೆ ಮುಂಚೆಯೇ ಒಂದು ಇಂಟರ್ ಕಾಲೇಜಿನವರು, ಅಂದರೆ ನಮ್ಮ ಪಿಯುಸಿಯಂಥದ್ದು, ಮನೆಗೇ ಬಂದು ಸೀಟಿಗೆ ಒಪ್ಪಿಸಿ ಹೋಗಿದ್ದರು. ರಿಸಲ್ಟ್ ಬಂದದ್ದೇ ತಡ, ಈ ತಾಯಿ ಮಗಳಿಗೆ ಹೇಳದೆ ಕೇಳದೆ ಅಸಲು ಟಿಸಿ, ಅಂಕಪಟ್ಟಿ ಎರಡನ್ನೂ ಅಲ್ಲಿ ಕೊಟ್ಟು ಬಂದಿದ್ದಳು. ಕಾಲೇಜು ಸೇರಿದರೆ ಐಟಿಐ ಹುಚ್ಚು ತಾನಾಗಿ ಇಳಿಯುತ್ತದೆಂದು ಆಕೆಯ ಎಣಿಕೆ.

ತಾಯಿಯ ಬಾಯಿಂದಲೇ ವಿಷಯ ತಿಳಿದ ಭವಾನಿ ಅಳಲಿಲ್ಲ, ಜಗಳಾಡಲಿಲ್ಲ. ಗೋಡೆಗೆ ಮುಖ ಮಾಡಿ ಕೂತಳು. ಶಿವದೇವಿಗೆ ಅದನ್ನು ಕಂಡೇ ಭಯವಾಯಿತು. ಎದುರುಮನೆಗೆ ಓಡಿದಳು. ಅಲ್ಲಿನ ಸ್ನೇಹಲತಾ ಸರ್ಕಾರಿ ಐಟಿಐಯಲ್ಲಿ ಕಲಿಸುವಾಕೆ. ಶಿವದೇವಿ ನಡೆದದ್ದನ್ನೆಲ್ಲ ಆಕೆಗೆ ಹೇಳಿದಳು.

"ಟೀಚರ್ರ, ಹೆಣ್ಣುಹುಡುಗಿ ವೈರು, ಇಕ್ಕಳ ಹಿಡ್ಕೊಂಡು ತಿರುಗಿದ್ರ ಬೀದರದಾಗ ನಮ್ಮ ಮಂದಿ ಏನಂತಾರ್ರಿ?"

"ನಾಕ್ ದಿನ ಅಂತಾರ, ಬಿಡ್ತಾರ. ಎಲೆಕ್ಟ್ರಿಷಿಯನ್ ಕೋರ್ಸು ಎರಡು ವರ್ಷ ಅಕ್ಕಾರ. ಆಮ್ಯಾಲ ಕಾರ್ಖಾನೆದಾಗ ಅಪ್ರೆಂಟಿಸ್ ಆದ್ರ ಕೆಲಸಾನೂ ಕಲೀತಾಳ, ಸ್ಟೈಪೆಂಡೂ ಬರತೈತಿ."

"ಓದು ಅಲ್ಲಿಗೇ ನಿಂತಂಗಲ್ರಿ?"

"ಯಾಕ? ಐಟಿಐ ಮುಗಿಸಿ ಡಿಪ್ಲೊಮಾಕ್ಕ ಹೋಗಾಕ ದಾರಿ ಐತಿ. ಆದ್ರ ನಾಳೆ ಅಸಲು ಕಾಗದ ಇಲ್ಲಂದ್ರ ಸೀಟು ಮುಂದಿನವರಿಗೆ ಹೋಗತೈತ್ರಿ. ಈಗ ಮೂರು ಗಂಟೆ, ಕಾಲೇಜು ಐದಕ್ಕ ಮುಚ್ಚತಾರ. ನಡೀರಿ!"

ಇಬ್ಬರೂ ಹತ್ತಿದ ಆಟೋ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಶಿವದೇವಿ ಹೊತ್ತೆಷ್ಟೆಂದು ಕೇಳುತ್ತಿದ್ದಳು. ಕಾಲೇಜಿನ ಗುಮಾಸ್ತ ತಲೆಯೆತ್ತಲೂ ಇಲ್ಲ. ಪ್ರಿನ್ಸಿಪಾಲರು ಬ್ಯುಸಿ, ಸೋಮವಾರ ಬನ್ನಿ ಎಂದ. ಸೋಮವಾರ ಬಂದು ಏನು ಮಾಡುವುದು? ನಾಲ್ಕಾಯಿತು, ನಾಲ್ಕೂವರೆಯಾಯಿತು. ಪರರ ಮುಂದೆ ಬಾಯಿಬಿಡದ ಶಿವದೇವಿ ಎದ್ದು ನೇರ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದಳು. ಅರ್ಧ ತೆಲುಗು, ಅರ್ಧ ಕನ್ನಡ ಬೆರೆಸಿ ಹೇಳಿದಳು:

"ಕೊಟ್ಟಾಕಿ ನಾನು. ಹುಡುಗಿನ್ನ ಕೇಳಿದ್ದಿಲ್ಲ, ತಪ್ಪು ನಂದೇ. ಅಕಿ ಕಾಗದ ಅಕಿಗೆ ಕೊಡ್ರಿ ಸರ್. ತಗೊಂಡೇ ಹೋಗಾಕಿ ನಾನು."

ಐದಕ್ಕೆ ಹತ್ತು ನಿಮಿಷವಿದ್ದಾಗ ಕವರು ಕೈಗೆ ಬಂತು. ಮನೆಗೆ ಬಂದು ಅದನ್ನು ಮಗಳ ಮಡಿಲಿಗಿಟ್ಟಳು. "ನಾಳೆ ನಾನೂ ಬರ್ತೀನಿ. ಯಾವ ಕೋರ್ಸಂತ ನೀನೇ ಹೇಳು." ಭವಾನಿ ಆಗ ಅತ್ತಳು.

ನಿಮ್ಮ ಮನೆಯಲ್ಲೂ ಹತ್ತನೇ ತರಗತಿ ಮುಗಿಸಿದ ಮಕ್ಕಳಿದ್ದಾರೆಯೇ? ಹತ್ತಿರದ ಐಟಿಐಗೆ ಒಮ್ಮೆ ಹೋಗಿ ಬನ್ನಿ. ಯಾವ ಕೋರ್ಸಿದೆ, ಅಪ್ರೆಂಟಿಸ್ ಕಲಿಕೆ ಎಲ್ಲಿ ಸಿಗುತ್ತದೆ, ಸಂಕೋಚವಿಲ್ಲದೆ ವಿಚಾರಿಸಿ. ಅಸಲು ಸರ್ಟಿಫಿಕೇಟನ್ನು ಯಾರ ಕೈಗಾದರೂ ಕೊಡುವ ಮೊದಲು, ಅದರ ಮೇಲೆ ಯಾರ ಹೆಸರಿದೆಯೋ ಆ ಮಗುವನ್ನು ಒಂದು ಮಾತು ಕೇಳಿ.